ಸಂಶಯದ ಲಾಭ

ಫೆಬ್ರವರಿ ೬

ಅಕ್ಕನಿಗೆ ತಂಗಿಯ ನಮಸ್ಕಾರಗಳು.

ಫೋನ್ ಮಾಡಬಹುದಿತ್ತು. ಆದರೆ ನಿನ್ನ ಗಂಟಲು ನನಗೆ ಗೊತ್ತು. ನೀನು ರಂಗದ ಪಕ್ಕ ಸೈಡ್‌ವಿಂಗಿನಲ್ಲಿ ಕುಳಿತು, ಮಾತು ಮರೆತ ರಾಜನಿಗೆ ಒಂದು ಸಾಲು ಪಿಸುಗುಟ್ಟಿದರೆ ಅದು ರಾಜನಿಗಿಂತ ಮೊದಲು ಕೊನೆಯ ಬೆಂಚಿಗೆ ಕೇಳಿಸುತ್ತದೆ ಎಂದು ಭಾವ ಬದುಕಿದ್ದಾಗ ನಗುತ್ತಿದ್ದರಲ್ಲ. ಈ ವಿಷಯ ನಿಮ್ಮ ನಾಟಕ ಕಂಪನಿಯ ಡೇರೆಗೆಲ್ಲ ಕೇಳಿಸುವುದು ಬೇಡ. ಓದಿದ ಮೇಲೆ ಹರಿದುಹಾಕು.

ಕಳೆದ ತಿಂಗಳು ನಮ್ಮ ಕನ್ನಡಕದ ಕಾರ್ಖಾನೆಗೆ ಆರೋಗ್ಯ ಇಲಾಖೆಯ ವ್ಯಾನು ಬಂದಿತ್ತು. ಮೂವತ್ತು ದಾಟಿದ ಹೆಂಗಸರಿಗೆಲ್ಲ ಗರ್ಭಕೋಶದ ಬಾಯಿಯ ಪರೀಕ್ಷೆ. ನರ್ಸು ಒಂದೊಂದು ಹತ್ತಿಕಡ್ಡಿ ಕೊಟ್ಟು ಪರದೆಯ ಹಿಂದೆ ಕಳಿಸಿದರು. ನಮ್ಮ ಕೈಯಿಂದ ನಾವೇ ಮಾಡಿಕೊಳ್ಳುವುದು. ಗಾಜು ಉಜ್ಜುವವರು, ಗೀರು ನೋಡುವವರು, ಪ್ಯಾಕಿಂಗಿನವರು ಎಲ್ಲ ನಗಾಡಿಕೊಂಡೇ ಹೋಗಿ ಬಂದೆವು. "ಇಷ್ಟೇನಾ? ನಾನು ಹಲ್ಲು ಕೀಳಿಸೋಕೆ ಹೊರಟೋಳ ಹಾಗೆ ಹೆದರಿದ್ದೆ" ಅಂದಳು ಪ್ಯಾಕಿಂಗಿನವಳು.

ನಿನ್ನೆ ಲಕೋಟೆಗಳು ಬಂದವು. ಎಲ್ಲರ ಚೀಟಿಯಲ್ಲೂ ಒಂದೇ ಸಾಲು. ನನ್ನದರಲ್ಲಿ ನಾಲ್ಕು. ಎಚ್‌ಪಿವಿ ಎನ್ನುವ ವೈರಸ್ ಇದೆಯಂತೆ, ಅದರಲ್ಲಿ ಹದಿನಾರನೇ ನಂಬರಿನದಂತೆ. ಅದು ಇದ್ದ ಮಾತ್ರಕ್ಕೆ ಕ್ಯಾನ್ಸರ್ ಎಂದು ಅರ್ಥವಲ್ಲ, ಆದರೆ ದೊಡ್ಡಾಸ್ಪತ್ರೆಗೆ ಹೋಗಿ ಯಂತ್ರದಲ್ಲಿ ನೋಡಿಸಬೇಕು, ತಡ ಮಾಡಬಾರದು ಎಂದಿದೆ. ಚೀಟಿಯ ಹಿಂದೆ ಸಣ್ಣ ಅಕ್ಷರದಲ್ಲಿ ಇದು ದೇಹಸಂಪರ್ಕದಿಂದ ಬರುವ ಸೋಂಕು ಎಂದೂ ಅಚ್ಚು ಹಾಕಿದ್ದಾರೆ. ಆ ಸಾಲನ್ನು ನಾನು ಎಷ್ಟು ಸಲ ಓದಿದೆ ಎಂದು ಕೇಳಬೇಡ.

ಇಪ್ಪತ್ತಾರನೇ ತಾರೀಕಿಗೆ ಆಸ್ಪತ್ರೆಯಲ್ಲಿ ದಿನ ಕೊಟ್ಟಿದ್ದಾರೆ. ಅವರಿಗೆ ಇನ್ನೂ ಹೇಳಿಲ್ಲ. ಲಿಫ್ಟ್ ಕೂರಿಸುವ ಕೆಲಸದ ಮೇಲೆ ಹೋಗಿದ್ದಾರೆ, ಶನಿವಾರ ಬರುತ್ತಾರೆ. ಹೇಗೆ ಹೇಳಲಿ?

ನಿನ್ನ ತಂಗಿ


ಫೆಬ್ರವರಿ ೧೪
ಕಂಪನಿ ಕ್ಯಾಂಪ್, ಹಳೇ ಗಿರಣಿ ಮೈದಾನ

ಪುಟ್ಟೀ,

ಕಾಗದ ಓದಿದೆ. ಹರಿದುಹಾಕಲಿಲ್ಲ. ಸಾಕ್ಷ್ಯವನ್ನು ಹರಿಯುವ ಹೆಂಗಸು ನಾನಲ್ಲ.

ಮೂವತ್ತು ವರ್ಷ, ತಂಗೀ, ಮೂವತ್ತು ವರ್ಷ ಸೈಡ್‌ವಿಂಗಿನ ಸ್ಟೂಲಿನ ಮೇಲೆ ಕುಳಿತಿದ್ದೇನೆ. ಎಷ್ಟು ಸೇನಾಪತಿಗಳು ರಾಜನ ಕಾಲಿಗೆರಗಿ ಬೆನ್ನ ಹಿಂದೆ ಕತ್ತಿ ಹಿಡಿದದ್ದನ್ನು ಕಂಡಿದ್ದೇನೆ. ಎದುರಿಗೆ ಟಿಕೆಟ್ಟು ಕೊಂಡು ಕುಳಿತವರಿಗೆ ಮುಖ ಕಾಣುತ್ತದೆ. ಪಕ್ಕದಲ್ಲಿ ಕುಳಿತ ನನಗೆ ಕಾಣುವುದು ಬೆನ್ನ ಹಿಂದಿನ ಕೈ. ಆದ್ದರಿಂದ ಈ ಅಂಕದಲ್ಲಿ ನೀನು ನನ್ನ ಮಾತು ಕೇಳಬೇಕು.

ಈ ಸೋಂಕು ಗಾಳಿಯಲ್ಲಿ ತೇಲಿ ಬಂದದ್ದಲ್ಲ, ನಲ್ಲಿನೀರಿನಲ್ಲಿ ಹರಿದು ಬಂದದ್ದಲ್ಲ. ನೀನೋ, ಮನೆ ಬಿಟ್ಟರೆ ಕಾರ್ಖಾನೆ, ಕಾರ್ಖಾನೆ ಬಿಟ್ಟರೆ ಮನೆ. ಇನ್ನು ಉಳಿದವನು ಯಾರು? ಹೋದ ವರ್ಷ ಎಂಟು ತಿಂಗಳು ಪರವೂರಿನಲ್ಲಿ ಬಾಡಿಗೆ ಕೋಣೆ ಹಿಡಿದಿದ್ದವನು ಯಾರು? ಇಪ್ಪತ್ತು ಮಹಡಿಯ ಕಟ್ಟಡಕ್ಕೆ ಆರು ಲಿಫ್ಟು ಅಂದ. ಆರು ಲಿಫ್ಟಿಗೆ ಎಂಟು ತಿಂಗಳೇ? ನೀನು ಆಗ ಕೇಳಲಿಲ್ಲ. ನಾನು ಕೇಳಿದೆ, ಮನಸ್ಸಿನಲ್ಲಿ. ನಿನ್ನ ಗಂಡ ಗುಮ್ಮನಗುಸಕ. ಬಾಯಿ ಬಿಟ್ಟರೆ ಮುತ್ತು ಉದುರೀತು ಅನ್ನುವ ಹಾಗಿರುತ್ತಾನೆ. ನಮ್ಮ ಯಜಮಾನರು ರಂಗದ ಮೇಲೆ ಖಳನಾಯಕ, ನಿಜ; ಮೀಸೆ ತಿರುವಿದರೆ ಮಕ್ಕಳು ಅಳುತ್ತಿದ್ದವು. ಆದರೆ ಬಣ್ಣ ಒರೆಸಿಕೊಂಡು ಬಂದರೆ ಹಾಲಿನಂಥ ಮನುಷ್ಯ, ಹೊಟ್ಟೆಯಲ್ಲಿದ್ದದ್ದೆಲ್ಲ ಬಾಯಲ್ಲಿ. ನಿನ್ನವನು ಇದರ ತದ್ವಿರುದ್ಧ.

ಹೇಗೆ ಹೇಳಲಿ ಎಂದು ಕೇಳಿದ್ದೀಯ. ನೀನು ಹೇಳಬೇಡ, ಕೇಳು. ನಿನಗೆ ಹೊತ್ತಿಗೆ ಮಾತು ಹೊಳೆಯುವುದಿಲ್ಲ, ಚಿಕ್ಕಂದಿನಿಂದಲೂ ಹಾಗೆಯೇ. ಅದಕ್ಕೆ ಬರೆದು ಕೊಡುತ್ತಿದ್ದೇನೆ. ಬಾಯಿಪಾಠ ಮಾಡಿಕೋ.

ನೀನು: (ಚೀಟಿಯನ್ನು ಮುಂದೆ ಇಟ್ಟು) ಇದೇನು, ಓದಿ.
ಅವನು: (ಬೆವರು ಒರೆಸಿಕೊಂಡು) ಇದೇನೋ ನನಗೆ ತಿಳಿಯದು.
ನೀನು: ಆ ಊರಿನ ಕೋಣೆಯಲ್ಲಿ ನಿಮ್ಮ ಜೊತೆ ಯಾರಿದ್ದರು?
ಅವನು: (ತಲೆ ತಗ್ಗಿಸಿ, ಮೌನ.)
ನೀನು: ನನ್ನ ತಲೆ ಮುಟ್ಟಿ ಹೇಳಿ.
ಅವನು: ಕ್ಷಮಿಸು. ದಾರಿ ತಪ್ಪಿದೆ.

ಇಲ್ಲಿಗೆ ನಿಲ್ಲಿಸು. ಮುಂದಿನ ದೃಶ್ಯ ಅವನ ಉತ್ತರ ನೋಡಿಕೊಂಡು ಬರೆಯುತ್ತೇನೆ. ಆಸ್ಪತ್ರೆ ಎಲ್ಲಿಗೂ ಓಡಿಹೋಗುವುದಿಲ್ಲ, ಮೊದಲು ಇದು ಇತ್ಯರ್ಥವಾಗಲಿ.

ನಿನ್ನ ಒಳ್ಳೆಯದನ್ನೇ ಬಯಸುವ
ಅಕ್ಕ


ಮಾರ್ಚ್ ೧೩

ಅಕ್ಕಾ,

ನೀನು ಬರೆದದ್ದನ್ನು ಬಾಯಿಪಾಠ ಮಾಡಿದೆ. ಗಾಜನ್ನು ದೀಪಕ್ಕೆ ಹಿಡಿದು ಗೀರು ಹುಡುಕುತ್ತಾ ದಿನವೆಲ್ಲ ಅದನ್ನೇ ಗುನುಗಿದೆ. ಆ ದಿನ ಹನ್ನೊಂದು ಗೀರಿನ ಗಾಜುಗಳನ್ನು ಒಳ್ಳೆಯದರ ಬುಟ್ಟಿಗೆ ಹಾಕಿದ್ದೆನಂತೆ. ಸೂಪರ್‌ವೈಸರ್ ಕರೆದು ತೋರಿಸಿದಳು.

ಒಂದನೇ ತಾರೀಕು ಭಾನುವಾರ ಬೆಳಗ್ಗೆ ಮಗಳು ಈಜು ಕಲಿಯಲು ಹೋದ ಮೇಲೆ ಚೀಟಿ ಮುಂದಿಟ್ಟೆ. ಅವರು ಓದಿದರು. ಬೆವರು ಒರೆಸಿಕೊಳ್ಳಲಿಲ್ಲ. ಹಿಂದೆ ತಿರುಗಿಸಿ ಸಣ್ಣ ಅಕ್ಷರವನ್ನೂ ಓದಿದರು. "ಇಪ್ಪತ್ತಾರಕ್ಕೆ ಅಂತ ಇದೆ. ಇವತ್ತಾಗಲೇ ಮಾರ್ಚ್ ಒಂದು. ಹೋದೆಯಾ?" ಅಂದರು. ಇದು ನಮ್ಮ ನಾಟಕದಲ್ಲಿ ಇರಲಿಲ್ಲ. ನಾನು ತಡಬಡಾಯಿಸಿ ನನ್ನ ಎರಡನೇ ಸಾಲಿಗೆ ಹಾರಿದೆ. ಕೋಣೆಯಲ್ಲಿ ನಿಮ್ಮ ಜೊತೆ ಯಾರಿದ್ದರು ಎಂದೆ.

"ಮೂರು ಜನ ಮೆಕ್ಯಾನಿಕ್ಕುಗಳು. ಒಂದು ಬಚ್ಚಲು" ಅಂದರು.

ನನ್ನ ತಲೆ ಮುಟ್ಟಿ ಹೇಳಿ ಎಂದೆ. "ಇದು ನಿನ್ನ ಮಾತಲ್ಲ. ಅತ್ತಿಗೆ ಬರೆದು ಕಳಿಸಿದ್ದು. ನನಗೂ ಒಂದೆರಡು ಸಾಲು ಕೊಟ್ಟಿರಬೇಕಲ್ಲ, ತೆಗಿ, ಓದು" ಅಂದರು. ನಾನು ಯಾಕೆ ಓದಿದೆನೋ ಗೊತ್ತಿಲ್ಲ. ಸೆರಗಿನ ಗಂಟಿನಿಂದ ಕಾಗದ ಬಿಡಿಸಿ ಓದಿಯೇಬಿಟ್ಟೆ, ಕ್ಷಮಿಸು, ದಾರಿ ತಪ್ಪಿದೆ.

"ಆ ಸಾಲು ನಾನು ಹೇಳಲ್ಲ" ಅಂದರು. ಎದ್ದು ದಿಂಬನ್ನು ಕಂಕುಳಲ್ಲಿ ಇಟ್ಟುಕೊಂಡರು. ವರ್ಕ್‌ಶಾಪಿನ ಮೇಲಿನ ಕೋಣೆಯಲ್ಲಿ ಇರುತ್ತೇನೆ, ನಿನಗೆ ನನ್ನನ್ನೇ ಕೇಳಬೇಕು ಅನ್ನಿಸಿದಾಗ ಕರಿ ಅಂದರು. ಕೂಗಾಡಿದ್ದರೆ ನನಗೆ ಸುಲಭವಾಗುತ್ತಿತ್ತು.

ಮಗಳಿಗೆ ಅಪ್ಪನಿಗೆ ರಾತ್ರಿಪಾಳಿ ಎಂದು ಹೇಳಿದ್ದೇನೆ. ಲಿಫ್ಟ್ ರಿಪೇರಿಗೆ ರಾತ್ರಿಪಾಳಿ ಯಾವತ್ತಿನಿಂದ ಅಂದಳು. ಅವಳಿಗೆ ಹನ್ನೆರಡು, ಎಲ್ಲ ಗೊತ್ತಾಗುತ್ತದೆ.

ಇನ್ನೊಂದು ವಿಷಯ. ಪ್ಯಾಕಿಂಗಿನವಳ ಅಣ್ಣ ಅದೇ ವರ್ಕ್‌ಶಾಪಿನಲ್ಲಿ ವೆಲ್ಡರ್. ಈ ಎರಡು ವಾರದಿಂದ ಬುಧವಾರ ಬುಧವಾರ ನನ್ನವರು ಅರ್ಧ ದಿನ ರಜೆ ಹಾಕಿ, ತಲೆ ಬಾಚಿ, ಒಗೆದ ಅಂಗಿ ಹಾಕಿಕೊಂಡು ಎಲ್ಲಿಗೋ ಹೋಗುತ್ತಾರಂತೆ. ಯಾರಿಗೂ ಹೇಳುವುದಿಲ್ಲವಂತೆ.

ಆಸ್ಪತ್ರೆಗೆ ಹೋಗಿಲ್ಲ. ಅಲ್ಲಿ ಎಲ್ಲರ ಮುಂದೆ ಹೆಸರು ಕೂಗಿ ಕರೆಯುತ್ತಾರಂತೆ.

ತಂಗಿ


ಮಾರ್ಚ್ ೧೯
ಕಂಪನಿ ಕ್ಯಾಂಪ್, ಸಂತೆಕಟ್ಟೆಯ ಬಯಲು

ಪುಟ್ಟೀ,

ಬುಧವಾರ. ಬುಧವಾರ. ಒಗೆದ ಅಂಗಿ. ಬಾಚಿದ ತಲೆ. ಇನ್ನೇನು ಬೇಕು ನಿನಗೆ? ಪಾತ್ರಧಾರಿ ವೇಷ ಕಟ್ಟಿಕೊಳ್ಳುವುದು ಯಾರಾದರೂ ನೋಡುವವರು ಇದ್ದಾಗ. ಗ್ರೀಸು ಮೆತ್ತಿಕೊಂಡು ಹದಿನಾರು ವರ್ಷ ಸಂಸಾರ ಮಾಡಿದವನು ವಾರಕ್ಕೊಂದು ಮಧ್ಯಾಹ್ನ ಇಸ್ತ್ರಿ ಅಂಗಿ ತೊಡುತ್ತಾನೆಂದರೆ ನೋಡುವ ಕಣ್ಣು ಎಲ್ಲಿದೆ?

ನನ್ನ ಸಾಲನ್ನು ಅವನ ಕಿವಿಗೆ ನೀನೇ ಓದಿದ್ದು ಮಹಾ ಪ್ರಮಾದ. ಪ್ರಾಂಪ್ಟರಿನ ಪುಸ್ತಕವನ್ನು ನಟನ ಕೈಗೆ ಯಾರಾದರೂ ಕೊಡುತ್ತಾರೆಯೇ? ಅವನು ದಿಂಬು ಎತ್ತಿಕೊಂಡು ಹೋದದ್ದೂ ಒಂದು ಆಟ. ನಿರಪರಾಧಿ ನಿಂತು ವಾದಿಸುತ್ತಾನೆ, ಅಪರಾಧಿ ಅವಮಾನವಾದಂತೆ ನಿಷ್ಕ್ರಮಿಸುತ್ತಾನೆ. ನಮ್ಮ ಪ್ರತಿಯೊಂದು ನಾಟಕದ ಎರಡನೇ ಅಂಕ ಹೀಗೆಯೇ ಮುಗಿಯುವುದು.

ಅವನು ಒಪ್ಪಿಕೊಳ್ಳುವ ತನಕ ನೀನು ಆಸ್ಪತ್ರೆಯ ಮೆಟ್ಟಿಲು ಹತ್ತಬೇಡ. ಹತ್ತಿದರೆ ಏನಾಗುತ್ತದೆ? ಡಾಕ್ಟರು ಔಷಧಿ ಕೊಡುತ್ತಾರೆ, ನಿನಗೆ ವಾಸಿಯಾಗುತ್ತದೆ, ಸಾಕ್ಷ್ಯ ಅಳಿಸಿಹೋಗುತ್ತದೆ, ಅವನು ಕೈ ತೊಳೆದುಕೊಳ್ಳುತ್ತಾನೆ. ಹೋಗಲಿ, ಆ ಆಸ್ಪತ್ರೆಯವರ ಮೇಲೂ ನನಗೆ ಅಷ್ಟೇನೂ ನಂಬಿಕೆಯಿಲ್ಲ. ಹುಡುಕಲೆಂದೇ ಕುಳಿತವರಿಗೆ ಏನಾದರೂ ಸಿಕ್ಕೇ ಸಿಗುತ್ತದೆ. ನಿನ್ನ ಕೆಲಸವೂ ಅದೇ ಅಲ್ಲವೇ? ಹೆಂಗಸಿನ ಮೈ ಎಂದರೆ ನೂರೆಂಟು. ನನ್ನನ್ನೇ ನೋಡು. ನಿಂತು ಆರು ವರ್ಷವಾದ ಮೇಲೆ, ಈಗ ವರ್ಷದಿಂದ ಮತ್ತೆ ಆಗಾಗ ಕೆಂಪು ಕಾಣಿಸುತ್ತಿದೆ. ಓಡಿಹೋದೆನೇ ಆಸ್ಪತ್ರೆಗೆ? ಮೈಗೆ ಮರಳಿ ಪ್ರಾಯ ಬಂತು, ಇನ್ನು ರಾಣಿ ಪಾರ್ಟು ನನಗೇ ಕೊಡಿ ಎಂದು ಬಟ್ಟೆ ಪೆಟ್ಟಿಗೆಯವಳ ಹತ್ತಿರ ನಕ್ಕು ಸುಮ್ಮನಾದೆ.

ಮುಂದಿನ ಬುಧವಾರ ನೀನು ರಜೆ ಹಾಕು. ಅವನ ಹಿಂದೆ ಹೋಗು. ಇಪ್ಪತ್ತು ಹೆಜ್ಜೆ ದೂರದಲ್ಲಿ ನಡೆ, ಚಪ್ಪಲಿ ಸದ್ದು ಮಾಡಬೇಡ. ಯಾವ ಬಾಗಿಲು ತಟ್ಟುತ್ತಾನೆ ನೋಡು, ಆ ಬಾಗಿಲ ಬಣ್ಣವನ್ನೂ ಬರೆದು ಕಳಿಸು.

ಅಕ್ಕ


ಮೇ ೪

ಅಕ್ಕಾ,

ಹತ್ತಿರ ಹತ್ತಿರ ಎರಡು ತಿಂಗಳು ಬರೆಯಲಿಲ್ಲ. ಆ ಬುಧವಾರದ ಕಾಗದದ ಮೇಲೆ ನಿನ್ನವು ಇನ್ನೂ ಮೂರು ಬಂದವು. ಒಡೆಯಲಿಲ್ಲ. ಕೋಪದಿಂದಲ್ಲ, ನಿನ್ನ ಮಾತು ಕಿವಿಯಲ್ಲಿದ್ದರೆ ನನ್ನದು ನನಗೆ ಕೇಳಿಸುವುದಿಲ್ಲ, ಅದಕ್ಕೆ.

ನೀನು ಹೇಳಿದ ಬುಧವಾರ ಅವರ ಹಿಂದೆ ಹೋದೆ. ಹೌದು, ಹೋದೆ, ನನಗೇ ನಾಚಿಕೆ. ಅವರು ಎರಡು ಬಸ್ಸು ಬದಲಿಸಿದರು. ಬಾಗಿಲ ಬಣ್ಣ ಕೇಳಿದ್ದೆಯಲ್ಲ, ಬಾಗಿಲಿರಲಿಲ್ಲ, ಗಾಜಿನ ಕಿಟಕಿ. ದೊಡ್ಡಾಸ್ಪತ್ರೆಯ ಹೆಂಗಸರ ವಿಭಾಗದ ತಾರೀಕು ಕೊಡುವ ಕೌಂಟರು. ಸಾಲಿನಲ್ಲಿ ಮೂವತ್ತು ಜನ ಹೆಂಗಸರು, ನಡುವೆ ಇವರೊಬ್ಬರೇ ಗಂಡಸು, ಕೈಯಲ್ಲಿ ನನ್ನ ಚೀಟಿಯ ನಕಲು. ನಾನು ಕಂಬದ ಹಿಂದೆ ನಿಂತೆ. ಅವರು ಹೋದ ಮೇಲೆ ಕಿಟಕಿಗೆ ಹೋಗಿ ಕೇಳಿದೆ.

ಅಲ್ಲಿ ಒಂದು ನಿಯಮವಿದೆಯಂತೆ. ಕೊಟ್ಟ ದಿನ ಬಾರದವರ ಫೈಲನ್ನು ಒಂದು ವಾರ ಕಾದು ಕೆಳಗೆ ಕಳಿಸುತ್ತಾರೆ. ಆಮೇಲೆ ವ್ಯಾನಿನ ಪರೀಕ್ಷೆಯಿಂದಲೇ ಶುರು. ಮನೆಯವರು ಯಾರಾದರೂ ಬುಧವಾರ ಬಂದು ಹೇಳಿದರೆ ಇನ್ನೊಂದು ವಾರ ಇಟ್ಟುಕೊಳ್ಳುತ್ತಾರೆ. "ನಾಲ್ಕನೇ ಬುಧವಾರ ಇದು" ಅಂದಳು ಕೌಂಟರಿನವಳು. "ಆಕೆಗೆ ಏನೋ ಹೆದರಿಕೆ, ಬಂದೇ ಬರ್ತಾಳೆ, ಫೈಲ್ ಕೆಳಗೆ ಕಳಿಸಬೇಡಿ ಅಂತ ನಿಲ್ತಾರೆ. ಮೊದಲನೇ ವಾರ ನಂಗೂ ಟೆಸ್ಟ್ ಮಾಡಿ ಅಂದ್ರು. ಗಂಡಸರಿಗೆ ಇದಕ್ಕೆ ಅಂಥ ಟೆಸ್ಟ್ ಇಲ್ಲಪ್ಪಾ ಅಂದ್ರೆ ಮುಖ ಸಣ್ಣ ಮಾಡ್ಕೊಂಡ್ರು. ನೀವೇನಾ ಆ ಹೆದರುಪುಕ್ಕಲಿ?"

ನಾನೇ ಎಂದೆ. ಅದೇ ವಾರ ಒಳಗೆ ಹೋದೆ.

ಡಾಕ್ಟರು ಹೆಂಗಸು, ನಿನ್ನ ವಯಸ್ಸಿನವರು. ದುರ್ಬೀನಿನಂಥ ಯಂತ್ರವಿತ್ತು. ಅದರ ಗಾಜು ನೋಡಿ ನನಗೆ ಅರ್ಧ ಭಯ ಹೋಯಿತು, ಒಂದೇ ಒಂದು ಗೀರಿರಲಿಲ್ಲ. ತೆಳು ಮಾಡಿದ ವಿನೆಗರ್ ಹಚ್ಚಿ ಒಂದು ನಿಮಿಷ ಕಾದರು. ಪರದೆಯ ಮೇಲೆ ನನಗೂ ತೋರಿಸಿದರು. ಗುಲಾಬಿ ಬಣ್ಣದ ಮೇಲೆ ಬೆಳ್ಳಗೆ ಒಂದು ಮಚ್ಚೆ ಎದ್ದು ಬಂತು, ಉಗುರಿನ ತುದಿಯಷ್ಟು. ಅಲ್ಲಿಂದ ಚೂರು ತೆಗೆದು ಕಳಿಸಿದರು. ಕ್ಯಾನ್ಸರ್ ಅಲ್ಲ, ಆದರೆ ಹಾಗೇ ಬಿಟ್ಟರೆ ಆಗಬಹುದಾದದ್ದು ಎಂದು ವರದಿ ಬಂತು. ಹತ್ತು ದಿನದ ಹಿಂದೆ ಕಾದ ತಂತಿಯ ಕುಣಿಕೆಯಿಂದ ಆ ಭಾಗವನ್ನು ತೆಗೆದುಹಾಕಿದರು. ಮರಗಟ್ಟಿಸುವ ಸೂಜಿ ಕೊಟ್ಟಿದ್ದರು, ಇಪ್ಪತ್ತು ನಿಮಿಷ. ಅದೇ ಸಂಜೆ ಮನೆಗೆ. ಆರು ತಿಂಗಳ ಮೇಲೆ ಮತ್ತೆ ನೋಡಿಸಬೇಕು. ಮಗಳಿಗೆ ಈಗಲೇ ಲಸಿಕೆ ಹಾಕಿಸಿ ಎಂದರು, ಹಾಕಿಸಿದೆವು.

ಇದು ಯಾರಿಂದ ಬಂತು ಎಂದು ಕೇಳಿದೆ. ಡಾಕ್ಟರು ಪೆನ್ನು ಕೆಳಗಿಟ್ಟರು. "ದಿನಕ್ಕೆ ಹತ್ತು ಜನ ಇದನ್ನೇ ಕೇಳ್ತಾರೆ. ಮದುವೆ, ಸಂಬಂಧ ಅಂತ ಆದವರಲ್ಲಿ ಹೆಚ್ಚಿನವರಿಗೆ ಒಂದಲ್ಲ ಒಂದು ಸಲ ಇದು ಬಂದಿರತ್ತೆ. ಮುಕ್ಕಾಲು ಪಾಲು ಜನಕ್ಕೆ ಒಂದೆರಡು ವರ್ಷದಲ್ಲಿ ತಾನಾಗೇ ಹೋಗತ್ತೆ. ಕೆಲವರಲ್ಲಿ ಸದ್ದಿಲ್ಲದೆ ಹತ್ತು ವರ್ಷ, ಇಪ್ಪತ್ತು ವರ್ಷ ಕೂತಿರತ್ತೆ. ಈಗ ಇದೆ ಅಂತ ಟೆಸ್ಟ್ ಹೇಳತ್ತೆ ಅಷ್ಟೇ. ಯಾವಾಗ ಬಂತು, ಯಾರಿಂದ ಬಂತು, ಅದನ್ನ ನಾನೂ ಹೇಳಲಾರೆ, ನೀವೂ ಹೇಳಲಾರಿರಿ" ಅಂದರು.

ಹತ್ತು ವರ್ಷ, ಇಪ್ಪತ್ತು ವರ್ಷ. ಅಕ್ಕಾ, ಮದುವೆಗೆ ಮುಂಚೆ ನಾನು ನಿನ್ನ ಕಂಪನಿಯಲ್ಲಿ ಒಂದು ವರ್ಷ ಇದ್ದೆನಲ್ಲ. ಆ ವರ್ಷದ ಬಗ್ಗೆ ನೀನು ಕೇಳಲಿಲ್ಲ, ನಾನು ಹೇಳಲಿಲ್ಲ. ಅವರಿಗೆ ಮಾತ್ರ ಮದುವೆಗೆ ಮೊದಲೇ ಹೇಳಿದ್ದೆ. ಈ ಎರಡು ತಿಂಗಳಲ್ಲಿ ಅದನ್ನು ಅವರು ಒಮ್ಮೆಯೂ ಎತ್ತಲಿಲ್ಲ. ಎತ್ತಬಹುದಿತ್ತು.

ಹೋಗಿ ಕರೆದೆ. ಬಂದಿದ್ದಾರೆ. "ಅತ್ತಿಗೆಯ ಇನ್ನೊಂದು ಸೀನು ಬಂದರೆ ನಾನಿಲ್ಲ" ಎಂದಿದ್ದಾರೆ. ತಮಾಷೆಗೆ ಹೇಳಿದ ಹಾಗಿರಲಿಲ್ಲ.

ಕೊನೆಯದು, ಮುಖ್ಯವಾದದ್ದು. ನೀನು ಬರೆದಿದ್ದೆಯಲ್ಲ, ನಿಂತ ಮೇಲೆ ಮತ್ತೆ ಕೆಂಪು ಎಂದು. ಮೊನ್ನೆ ಡಾಕ್ಟರಿಗೆ ಹೇಳಿದೆ. ಅವರು ನಗಲಿಲ್ಲ. ಈ ವಾರವೇ ತೋರಿಸಿ ಎಂದರು. ಈ ವಾರವೇ, ಅಕ್ಕಾ.

ತಂಗಿ


ಮೇ ೧೫
ಕಂಪನಿ ಕ್ಯಾಂಪ್, ರೈಲ್ವೆ ಗೇಟಿನ ಹತ್ತಿರ

ತಂಗೀ,

ಭಲೆ. ಸಾಲಿನಲ್ಲಿ ನಿಂತನಂತೆ, ಫೈಲು ಕಾದನಂತೆ. ನಿನ್ನ ಕಣ್ಣಲ್ಲಿ ನೀರು ಬಂತು, ನನ್ನ ಕಣ್ಣಲ್ಲಿ ಬರಲಿಲ್ಲ. ತಪ್ಪು ಮಾಡದವನು ನಾಲ್ಕು ಬುಧವಾರ ಯಾಕೆ ಒದ್ದಾಡುತ್ತಾನೆ? ನಂಗೂ ಟೆಸ್ಟ್ ಮಾಡಿ ಎಂದು ಯಾಕೆ ಕೇಳುತ್ತಾನೆ? ತನ್ನ ಮೇಲೆ ತನಗೇ ಅನುಮಾನವಿದ್ದವನು ಕೇಳುವ ಮಾತು ಅದು. ಆ ಡಾಕ್ಟರಮ್ಮ ಸಂಸಾರ ಒಡೆಯಬಾರದೆಂದು ಎಲ್ಲರಿಗೂ ಒಂದೇ ಡೈಲಾಗು ಹೇಳುತ್ತಿರಬೇಕು. ದಿನಕ್ಕೆ ಹತ್ತು ಜನ ಕೇಳುತ್ತಾರೆ ಎಂದು ಆಕೆಯೇ ಬಾಯಿಬಿಟ್ಟಿದ್ದಾಳಲ್ಲ.

ಇಪ್ಪತ್ತು ವರ್ಷ ಸದ್ದಿಲ್ಲದೆ ಕೂತಿರುತ್ತದೆಯಂತೆ. ಯಾವ ಪಾತ್ರಧಾರಿ ಇಪ್ಪತ್ತು ವರ್ಷ ಪರದೆಯ ಹಿಂದೆ ಸುಮ್ಮನೆ ಕೂರುತ್ತಾನೆ?

ನನ್ನ ವಿಷಯ ಬಿಡು. ನಮ್ಮ ಯಜಮಾನರು ಹೋಗಿ ಹದಿನೆಂಟು ವರ್ಷ. ಅವರ ಮುಂಚೆ ಯಾರೂ ಇಲ್ಲ, ಆಮೇಲೆ ಒಂದು ನೆರಳೂ ಇಲ್ಲ. ಇಂಥವಳನ್ನು ಆ ಮೇಜಿನ ಮೇಲೆ ಮಲಗಿಸಿ ಏನು ಹುಡುಕುತ್ತೀರಿ? ಆದರೂ ಒಂದು ಯೋಚನೆ ಬಂದಿದೆ. ಇಲ್ಲಿಯೂ ಒಂದು ಆಸ್ಪತ್ರೆ ಇದೆ. ಹೋಗಿ ಅದೇ ಕಡ್ಡಿಯ ಪರೀಕ್ಷೆ ಮಾಡಿಸುತ್ತೇನೆ. ಇಲ್ಲ ಎಂದು ಬರುತ್ತದೆ. ಆ ಚೀಟಿಯನ್ನು ನಿನ್ನ ಗಂಡನ ಮುಖದ ಮುಂದೆ ಹಿಡಿ. ಶುದ್ಧವಾಗಿ ಬಾಳಿದ ಮನೆಯಲ್ಲಿ ಈ ರೋಗ ಇರುವುದಿಲ್ಲ ಎನ್ನುವುದಕ್ಕೆ ನಾನೇ ಸಾಕ್ಷಿ.

ಅಕ್ಕ


ಮೇ ೨೨

ಅಕ್ಕಾ,

ನಿನ್ನ ಕಾಗದ ಬಂದಾಗ ಬಾಗಿಲಲ್ಲಿ ಅವರೇ ಇದ್ದರು. ನನಗೇ ಕೊಟ್ಟರು, ತಾವು ಓದಲಿಲ್ಲ. ನನ್ನ ಮುಖ ಓದಿದರು. ದಿಂಬು ತೆಗೆದುಕೊಂಡು ಹೋದರು.

ಪರೀಕ್ಷೆ ಮಾಡಿಸು. ಯಾವ ಕಾರಣಕ್ಕಾದರೂ ಸರಿ, ಮಾಡಿಸು.

ತಂಗಿ


ಜೂನ್ ೨೯
ಕಂಪನಿ ಕ್ಯಾಂಪ್, ರೈಲ್ವೆ ಗೇಟಿನ ಹತ್ತಿರ

ವರ್ಕ್‌ಶಾಪಿನ ವಿಳಾಸಕ್ಕೆ, ನನ್ನ ತಂಗಿಯ ಯಜಮಾನರಿಗೆ,

ನಿಮಗೆ ನಾನು ಬರೆಯುತ್ತಿರುವ ಮೊದಲನೇ ಕಾಗದ. ಹದಿನಾರು ವರ್ಷದಲ್ಲಿ ನಿಮ್ಮ ಬಗ್ಗೆ ಬರೆದದ್ದು ಎಷ್ಟೋ, ನಿಮಗೆ ಒಂದೂ ಇಲ್ಲ. ಹೇಗೆ ಶುರು ಮಾಡಬೇಕೆಂದು ತಿಳಿಯದೆ ಎರಡು ಹಾಳೆ ಮುದುರಿ ಎಸೆದೆ. ಇದನ್ನು ಅಳಿಸದೆ ಬರೆದುಬಿಡುತ್ತೇನೆ.

ನನ್ನ ಪರೀಕ್ಷೆ ಆಯಿತು. ನಿಮ್ಮನ್ನು ಕಟಕಟೆಗೆ ಏರಿಸಲು ಹೋಗಿದ್ದೆ. ಇಲ್ಲಿಯ ಆಸ್ಪತ್ರೆಯ ಡಾಕ್ಟರು ಎಳೆಯ ವಯಸ್ಸಿನವನು, ನನ್ನ ದನಿ ಕೇಳಿಯೇ ಅರ್ಧ ಹೆದರಿದ. ನನ್ನಲ್ಲೇನೂ ಸಿಗುವುದಿಲ್ಲ, ಹದಿನೆಂಟು ವರ್ಷದ ವಿಧವೆ ನಾನು, ಬೇಗ ಇಲ್ಲ ಎಂದು ಬರೆದುಕೊಡಿ ಎಂದೆ. ಹತ್ತು ದಿನ ಬಿಟ್ಟು ಕರೆದು ಕೂರಿಸಿದ. ಇದೆ ಎಂದ.

ಎಚ್‌ಪಿವಿ ಇದೆ. ನಿಮ್ಮ ಹೆಂಡತಿಯದು ಒಂದು ನಂಬರಿನದಾದರೆ ನನ್ನದು ಇನ್ನೊಂದು. ಸುಳ್ಳು ಎಂದೆ. ಬೇರೆ ಯಾರದೋ ಕಡ್ಡಿ ಅದಲುಬದಲಾಗಿದೆ ಎಂದೆ. ಮತ್ತೆ ಮಾಡಿಸಿದೆ. ಮತ್ತೆ ಇದೆ ಎಂದೇ ಬಂತು. ಇಪ್ಪತ್ತು ವರ್ಷ ಹೀಗೆ ಕೂತಿರಲು ಸಾಧ್ಯವೇ ಎಂದು ಕೇಳಿದೆ. "ಸಾಧ್ಯ ಇದೆ ಅಮ್ಮ, ಮುಟ್ಟು ನಿಂತ ಮೇಲೆ ತಲೆ ಎತ್ತೋದೂ ಉಂಟು" ಎಂದ. ನನ್ನ ತಂಗಿಯ ಡಾಕ್ಟರು ಹೇಳಿದ ಮಾತನ್ನೇ ಹೇಳಿದ, ಅವರಿಬ್ಬರೂ ಒಬ್ಬರನ್ನೊಬ್ಬರು ಕಂಡವರಲ್ಲ. ಅಲ್ಲಿಗೆ ನನ್ನ ವಾದ ಮುಗಿಯಿತು.

ಆಮೇಲೆ ಚೂರು ತೆಗೆದು ನೋಡಿದರು. ನನ್ನದು ತಂಗಿಯದಕ್ಕಿಂತ ಮುಂದೆ ಹೋಗಿದೆ. ಕ್ಯಾನ್ಸರೇ. ಮೊದಲ ಹಂತ, ಇನ್ನೂ ಹೊರಗೆ ಹರಡಿಲ್ಲ, ಗರ್ಭಕೋಶ ತೆಗೆದರೆ ಗುಣವಾಗುವ ಸಾಧ್ಯತೆ ಚೆನ್ನಾಗಿಯೇ ಇದೆ ಎನ್ನುತ್ತಾರೆ. ಅದಕ್ಕೆ ನಿಮ್ಮೂರಿನ ದೊಡ್ಡಾಸ್ಪತ್ರೆಗೇ ಬರಬೇಕು. ಪುಟ್ಟಿಯ ಮಾತಿಗೆ ನಾನು ವ್ಯಂಗ್ಯ ಮಾಡುತ್ತಾ ಇನ್ನೊಂದು ವರ್ಷ ಕಳೆದಿದ್ದರೆ ಈ ಕಾಗದ ಬೇರೆ ಯಾರೋ ನಿಮಗೆ ಬರೆಯುತ್ತಿದ್ದರು.

ಈಗ ಕೇಳಿ. ಚೀಟಿ ಕೈಗೆ ಬಂದ ದಿನ ಡೇರೆಗೆ ಬಂದು ನಿಮ್ಮ ಷಡ್ಡಕರ ಫೋಟೋದ ಮುಂದೆ ಕುಳಿತೆ. ಪೌಡರು ಹಚ್ಚಿದ ಮುಖ, ತಿರುವಿದ ಮೀಸೆ. ಎಷ್ಟೋ ಊರು, ಎಷ್ಟೋ ಕ್ಯಾಂಪು. ನಾನು ಬಸುರಿಯಾಗಿ ತವರಿಗೆ ಹೋಗಿದ್ದ ಆರು ತಿಂಗಳು, ಮಗು ಉಳಿಯದೆ ಮಂಕಾಗಿ ಅಲ್ಲೇ ಮಲಗಿದ್ದ ಇನ್ನೊಂದಾರು ತಿಂಗಳು. ನಿಮಗೆ ಬರೆದುಕೊಟ್ಟ ಪ್ರಶ್ನೆಗಳೆಲ್ಲ ನಾಲಿಗೆಯ ತುದಿಗೆ ಬಂದವು. ಜೊತೆ ಯಾರಿದ್ದರು? ನನ್ನ ತಲೆ ಮುಟ್ಟಿ ಹೇಳಿ. ಒಂದನ್ನೂ ಕೇಳಲಿಲ್ಲ. ಇರಬಹುದು, ಇಲ್ಲದಿರಬಹುದು, ನನ್ನನ್ನು ಕಟ್ಟಿಕೊಳ್ಳುವ ಮುಂಚಿನದೂ ಇರಬಹುದು, ಹೋಗಲಿ ಬಿಡಿ ಎಂದು ಫೋಟೋದ ಧೂಳು ಒರೆಸಿ ಎದ್ದೆ.

ಎದ್ದ ಮೇಲೆ ಹೊಳೆಯಿತು. ಸತ್ತವರಿಗೆ ಒಂದು ನಿಮಿಷದಲ್ಲಿ ಸಂಶಯದ ಲಾಭ ಕೊಟ್ಟೆ. ಬದುಕಿರುವ ನಿಮಗೆ ಐದು ತಿಂಗಳು ಕೊಡಲಿಲ್ಲ. ನನ್ನವರು ಎನ್ನುವುದಕ್ಕೆ ಅವರು ಗೆದ್ದರು, ಅವಳವರು ಎನ್ನುವುದಕ್ಕೆ ನೀವು ಸೋತಿರಿ. ಬೇರೆ ಸಾಕ್ಷ್ಯ ನನ್ನ ಹತ್ತಿರ ಯಾವತ್ತೂ ಇರಲಿಲ್ಲ.

ಕ್ಷಮಿಸಿ ಎಂದು ಬರೆದರೆ ನಾನೇ ನಿಮಗೆ ಬರೆದುಕೊಟ್ಟಿದ್ದ ಸಾಲನ್ನು ನಾನು ಹೇಳಿದ ಹಾಗಾಗುತ್ತದೆ. ಆದರೂ ಹೇಳುತ್ತಿದ್ದೇನೆ. ಮನೆಗೆ ಹೋಗಿ. ನನ್ನ ಮುಖ ನೋಡಲು ಇಷ್ಟವಿಲ್ಲದಿದ್ದರೆ ನಾನು ಆಸ್ಪತ್ರೆಯಿಂದ ನೇರವಾಗಿ ಕಂಪನಿಗೆ ಹಿಂದಿರುಗುತ್ತೇನೆ. ಒಬ್ಬಳೇ ಬರುವುದಕ್ಕೆ ನನಗೆ ಭಯವಿದೆ. ಈ ಒಂದು ಮಾತನ್ನು ಪುಟ್ಟಿಗೆ ಹೇಳಬೇಡಿ.

ಇಂತಿ,
ನಿಮ್ಮ ಹೆಂಡತಿಯ ಅಕ್ಕ


ಜುಲೈ ೫

ಅತ್ತಿಗೆಯವರಿಗೆ ನಮಸ್ಕಾರ.

ಕಾಗದ ತಲುಪಿತು. ನನಗೆ ಬರೆದು ಅಭ್ಯಾಸವಿಲ್ಲ. ವಿಷಯ ಮಾತ್ರ ಬರೆಯುತ್ತೇನೆ.

ನಿನ್ನೆ ದೊಡ್ಡಾಸ್ಪತ್ರೆಗೆ ಹೋಗಿದ್ದೆ. ಕೌಂಟರಿನವಳು ಈಗ ಯಾರಿಗೆ ಎಂದು ಕೇಳಿದಳು. ಹದಿನಾಲ್ಕನೇ ತಾರೀಕು ನಿಮ್ಮನ್ನು ಸೇರಿಸಿಕೊಳ್ಳುತ್ತಾರೆ, ಹದಿನಾರಕ್ಕೆ ಆಪರೇಷನ್. ಅಲ್ಲಿಯ ಸ್ಲೈಡುಗಳು, ಎಲ್ಲ ವರದಿಗಳು ತರಬೇಕು. ರಕ್ತದ ಒತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದರ ಚೀಟಿಯನ್ನೂ ತರಬೇಕು. ಹದಿಮೂರರ ಬೆಳಗಿನ ಬಸ್ಸಿಗೆ ಹೊರಡಿ. ನಿಲ್ದಾಣದಲ್ಲಿ ನಾನಿರುತ್ತೇನೆ. ಆಸ್ಪತ್ರೆಯಿಂದ ಕಂಪನಿಗೆ ಹೋಗುವ ಮಾತು ಬೇಡ. ಆರು ವಾರ ಭಾರ ಎತ್ತಬಾರದು, ಆಮೇಲೆ ಬೇಕಾದರೆ ಹೋಗುವಿರಂತೆ. ಮಗಳು ತನ್ನ ಕೋಣೆ ಖಾಲಿ ಮಾಡಿದ್ದಾಳೆ. ಈ ಕಾಗದ ಮನೆಯಿಂದಲೇ ಬರೆಯುತ್ತಿದ್ದೇನೆ.

ನೀವು ಕೇಳಿದ್ದಕ್ಕೆ ಉತ್ತರ ಇನ್ನೂ ನನ್ನ ಹತ್ತಿರ ಇಲ್ಲ. ಐದು ತಿಂಗಳು ಚಿಕ್ಕದಲ್ಲ. ಮಗಳು ನನ್ನನ್ನು ನೋಡುವ ರೀತಿ ಸ್ವಲ್ಪ ಬದಲಾಗಿತ್ತು, ಅದು ಸರಿಹೋಗಲಿ, ನೋಡೋಣ. ನೀವು ಹೇಳಬೇಡಿ ಎಂದದ್ದನ್ನು ನಾನು ಹೇಳಿಲ್ಲ.

ಫಾರಮ್ಮಿನಲ್ಲಿ ಮನೆಯವರ ಸಹಿ ಬೇಕಂತೆ. ನಿಮ್ಮ ತಂಗಿಯೂ ಬಂದಿದ್ದಳು, ಪೆನ್ನನ್ನು ನನ್ನ ಕೈಗೆ ಕೊಟ್ಟಳು, ನಾನೇ ಹಾಕಿದೆ. ರೋಗಿಗೆ ಏನಾಗಬೇಕು ಎಂಬ ಕಡೆ ತಂಗಿಯ ಗಂಡ ಎಂದು ಬರೆಯಲು ಹೋದರೆ, ಅಷ್ಟುದ್ದಕ್ಕೆ ಜಾಗವಿಲ್ಲ, ಒಂದೇ ಪದದಲ್ಲಿ ಬರೆಯಿರಿ ಎಂದಳು ಆಕೆ. ತಮ್ಮ ಎಂದು ಬರೆದಿದ್ದೇನೆ. ತಪ್ಪಾಗಿದ್ದರೆ ಬಂದ ಮೇಲೆ ನೀವೇ ತಿದ್ದಿ.

ಇಂತಿ,
ಲಿಫ್ಟಿನವನು